ನೇತ್ರಾಣಿಯಲ್ಲಿ ಮೋರಿ ಕಾಣುತ್ತಾ?

ಮುರ್ಡೇಶ್ವರದಲ್ಲಿ ಬೆಳಿಗ್ಗೆ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗುವ ಬೋಟ್ ಹತ್ತಲು ನಿಂತವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. “ಅಲ್ಲಿ ಶಾರ್ಕ್ ಇದ್ಯಾ?” ಕೆಲವರಿಗೆ ಇರಬಾರದಪ್ಪಾ ಅನ್ನುವ ಭಯ. ಇನ್ನು ಕೆಲವರು ಅದನ್ನು ನೋಡಲಿಕ್ಕೆಂದೇ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ರಾತ್ರಿ ಬಸ್ಸಿಗೆ ಬಂದಿರುತ್ತಾರೆ. ಇಬ್ಬರಿಗೂ ಉತ್ತರ ಒಂದೇ. ಇದೆ, ಆದರೆ ಕಾಣುವುದು ಅಪರೂಪ.

ಯಾಕೆ ಅಪರೂಪ, ಯಾವಾಗ ಹೋದರೆ ಸ್ವಲ್ಪ ಜಾಸ್ತಿ ಅವಕಾಶ, ಖಂಡಿತ ನೋಡಲೇಬೇಕು ಅಂದರೆ ಎಲ್ಲಿಗೆ ಹೋಗಬೇಕು? ಇದನ್ನು ಒಂದು ತಿಂಗಳ ಪಟ್ಟಿ ಕೊಟ್ಟು ಮುಗಿಸುವವರೇ ಹೆಚ್ಚು. ‘ಅಕ್ಟೋಬರ್‌ನಿಂದ ಮೇ’ ಅಂತ ಬರೆದರೆ ಆಯಿತು. ಆದರೆ ಆ ತಿಂಗಳುಗಳು ಬೋಟಿನ ಲೆಕ್ಕ, ಮೀನಿನ ಲೆಕ್ಕ ಅಲ್ಲ. ಮೀನಿನ ಕಡೆಯಿಂದ ಶುರು ಮಾಡಿದರೆ ವಿಷಯ ಸರಿಯಾಗಿ ಅರ್ಥವಾಗುತ್ತದೆ.

ನಾನು ಹೇಳುತ್ತಿರುವುದು ಕಪ್ಪುತುದಿ ಮೋರಿಯ ಬಗ್ಗೆ. ಡೈವರ್‌ಗಳು ಬ್ಲ್ಯಾಕ್‌ಟಿಪ್ ರೀಫ್ ಶಾರ್ಕ್ ಅನ್ನುತ್ತಾರೆ. ಕಾರವಾರದ ಕೊಂಕಣಿಯಲ್ಲಿ ಶಾರ್ಕ್ ಅಂದರೆ ಮೋರಿ. ದಕ್ಷಿಣಕ್ಕೆ ಹೋದ ಹಾಗೆ ತಾಟೆ ಅನ್ನುವ ಮಾತೂ ಕಿವಿಗೆ ಬೀಳುತ್ತದೆ. 1824ರಲ್ಲಿ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಇದಕ್ಕೆ ಮೆಲನಾಪ್ಟೆರಸ್ ಅಂತ ಹೆಸರಿಟ್ಟರು. ಗ್ರೀಕಿನಲ್ಲಿ ಕಪ್ಪು ರೆಕ್ಕೆ ಅಂತ ಅರ್ಥ. ಕೆಂಪು ಸಮುದ್ರದಿಂದ ಹಿಡಿದು ಶಾಂತಸಾಗರದ ನಡುವಿನ ದ್ವೀಪಗಳವರೆಗೆ, ಬೆಚ್ಚಗಿನ ನೀರು ಮತ್ತು ಹವಳ ಇರುವ ಕಡೆಯೆಲ್ಲ ಇದೆ. ದೊಡ್ಡದಾದರೂ ಒಂದೂವರೆ ಮೀಟರ್ ಆಸುಪಾಸು, ಅಂದರೆ ನಮ್ಮ ಹೆಗಲಮಟ್ಟದ ಉದ್ದ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಒಂದು ಬೆಳಿಗ್ಗೆ ನಾನು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಬುಟ್ಟಿಯಲ್ಲಿ ಐದಾರು ಸಣ್ಣ ಮೋರಿ. ಹೆಚ್ಚಿನವು ಬೂದು ಬಣ್ಣದ, ಮೂತಿ ಚಪ್ಪಟೆಯಾದ ಮೋರಿಗಳು. ನಮ್ಮ ಪಶ್ಚಿಮ ಕರಾವಳಿಯಲ್ಲಿ ತುಂಬಾ ಸಿಗುವ ಜಾತಿ ಅದು. ಒಂದರ ರೆಕ್ಕೆಗಳಿಗೆ ಮಾತ್ರ ಕಪ್ಪು ತುದಿ. “ತಕಂಡ್ ಹೋಗೋ ತಮ್ಮ, ಬಾಣಂತಿಗೆ ಚಲೋ” ಅಂದರು ಮಾರುವ ಅಮ್ಮ. ಮೋರಿ ಸಾರು ಉಂಡರೆ ಎದೆಹಾಲು ಹೆಚ್ಚುತ್ತದೆ ಅನ್ನುವ ನಂಬಿಕೆ ಕರಾವಳಿ ಉದ್ದಕ್ಕೂ ಇದೆ. ನಾನು ಆ ಕಪ್ಪು ತುದಿಯ ಮೋರಿಯನ್ನು ಎತ್ತಿ ತಿರುಗಿಸಿ ನೋಡಿದೆ. ಮೂತಿ ಉದ್ದ, ಚೂಪು. ಬೆನ್ನಿನ ರೆಕ್ಕೆಯ ತುದಿಯಲ್ಲಿ ಮಸಿ ಹಚ್ಚಿದಷ್ಟೇ ಕಪ್ಪು, ಅದೂ ಅಂಚಿನಲ್ಲಿ ಮಸುಕು. ಹೊಟ್ಟೆಯ ಹಿಂದಿನ ಸಣ್ಣ ರೆಕ್ಕೆ ಪೂರ್ತಿ ಬಿಳಿ. ಇದು ನಾನು ಹೇಳುತ್ತಿರುವ ಹವಳದ ಮೋರಿ ಅಲ್ಲ, ತೆರೆದ ಕಡಲಿನ ಬೇರೆ ಜಾತಿ.

ಕಪ್ಪು ತುದಿ ಇರುವ ಮೋರಿಗಳು ನಮ್ಮ ಕಡಲಲ್ಲಿ ಮೂರ್ನಾಲ್ಕು ಜಾತಿ ಇವೆ. ಬಲೆಗೆ ಬೀಳುವವು ಹೆಚ್ಚಾಗಿ ಆ ಉಳಿದ ಜಾತಿಗಳೇ. ನಿಜವಾದ ಹವಳದ ಮೋರಿಯನ್ನು ಗುರುತಿಸಲು ಬೆನ್ನಿನ ರೆಕ್ಕೆ ಒಂದನ್ನೇ ನೋಡಿದರೂ ಸಾಕು. ಬೆರಳನ್ನು ಶಾಯಿಯಲ್ಲಿ ಅದ್ದಿ ತೆಗೆದ ಹಾಗೆ ದಟ್ಟ ಕಪ್ಪು ತುದಿ. ಅದರ ಕೆಳಗೇ ಒಂದು ತಿಳಿ ಬಿಳಿ ಪಟ್ಟಿ. ಆ ಬಿಳಿ ಇರುವುದರಿಂದಲೇ ಕಪ್ಪು ಅಷ್ಟು ಎದ್ದು ಕಾಣುವುದು. ಬಾಲದ ಕೆಳತುದಿಯೂ ಅಷ್ಟೇ ಕಪ್ಪು. ಮೈ ಕಂದು ಬಣ್ಣಕ್ಕೆ ತಿರುಗಿದ ಬೂದು, ಮೂತಿ ಮೋಟು ಮತ್ತು ಗುಂಡಗೆ. ಪಕ್ಕೆಯ ಮೇಲೆ ಒಂದು ಬಿಳಿ ಗೆರೆ ಹಿಂದಿನವರೆಗೂ ಓಡುತ್ತದೆ. ನೀರಿನ ಒಳಗೆ ಹತ್ತು ಮೀಟರ್ ದೂರದಿಂದ ಮೊದಲು ಕಾಣುವುದು ಮೀನಲ್ಲ, ಆ ಕಪ್ಪು ತುದಿ. ಅದು ಸರಿದು ಹೋಗುತ್ತಿರುತ್ತದೆ. ಆಮೇಲೆ ಅದರ ಕೆಳಗೆ ಮೈ ಮೂಡುತ್ತದೆ.

ಇನ್ನು ಇದರ ಸ್ವಭಾವ. ಕಪ್ಪುತುದಿ ಮೋರಿ ತೀರ ಕಡಿಮೆ ನೀರಿನ ಮೀನು. ಮೊಣಕಾಲು ಮುಳುಗದ ನೀರಿನಲ್ಲೂ ಬೆನ್ನಿನ ರೆಕ್ಕೆ ಮೇಲೆ ಕಾಣಿಸುತ್ತಾ ಓಡಾಡುತ್ತದೆ. ಮರಿಗಳಂತೂ ದಡದ ಮರಳಿನ ಅಂಚಿನಲ್ಲೇ ಬೆಳೆಯುತ್ತವೆ, ಯಾಕೆಂದರೆ ಅಷ್ಟು ತೆಳುವಾದ ನೀರಿಗೆ ದೊಡ್ಡ ಮೀನು ಬರಲಾರದು. ನಿಲ್ಲಲು ಇದಕ್ಕೆ ಆಗುವುದಿಲ್ಲ. ಈಜುತ್ತಿದ್ದರೆ ಮಾತ್ರ ಕಿವಿರಿನ ಮೂಲಕ ನೀರು ಹರಿಯುತ್ತದೆ, ಹಾಗಾಗಿ ಹಗಲು ರಾತ್ರಿ ಸುತ್ತುತ್ತಲೇ ಇರಬೇಕು. ಸುತ್ತುವುದಾದರೂ ಎಷ್ಟು ದೂರ? ಶಾಂತಸಾಗರದ ಪಾಲ್ಮೈರಾ ಹವಳದ್ವೀಪದಲ್ಲಿ ಇವುಗಳಿಗೆ ಟ್ರಾನ್ಸ್‌ಮಿಟರ್ ಕಟ್ಟಿ ಹಿಂಬಾಲಿಸಿದಾಗ ಒಂದೊಂದರ ಸರಹದ್ದು ಸುಮಾರು ಅರ್ಧ ಚದರ ಕಿಲೋಮೀಟರ್ ಅಂತ ಕಂಡಿತು. ನಮ್ಮೂರ ಲೆಕ್ಕದಲ್ಲಿ ಒಂದು ಕೇರಿ, ಅದರ ಮುಂದಿನ ಗದ್ದೆ ಬಯಲು, ಅಷ್ಟೇ. ವಲಸೆ ಹಕ್ಕಿಯ ಹಾಗೆ ಈ ತಿಂಗಳು ಬಂದು ಆ ತಿಂಗಳು ಹೋಗುವ ಮೀನು ಇದಲ್ಲ. ಹೆಣ್ಣು ಮಾತ್ರ ಮರಿ ಹಾಕುವ ಹೊತ್ತಿಗೆ ದೂರ ಹೋಗುವುದುಂಟು. ತಾಹಿತಿ ಪಕ್ಕದ ಮೊರಿಯಾ ದ್ವೀಪದ ಹೆಣ್ಣುಗಳು ಸುಮಾರು 50 ಕಿಲೋಮೀಟರ್ ಆಳ ಕಡಲು ದಾಟಿ ಇನ್ನೊಂದು ದ್ವೀಪದಲ್ಲಿ ಮರಿ ಹಾಕಿದ್ದನ್ನು ವಂಶವಾಹಿ ಪರೀಕ್ಷೆಯಿಂದ ಪತ್ತೆ ಮಾಡಿದ್ದಾರೆ. ಬಸುರಿ ತವರಿಗೆ ಹೋದ ಹಾಗೆ, ಹೆರಿಗೆ ಮುಗಿಸಿ ವಾಪಸು ಮನೆಗೆ.

ಅಂದರೆ ಒಂದು ಜಾಗದಲ್ಲಿ ಕಪ್ಪುತುದಿ ಮೋರಿ ಇದ್ದರೆ ಅದು ವರ್ಷದ ಹನ್ನೆರಡು ತಿಂಗಳೂ ಅಲ್ಲೇ ಇರುತ್ತದೆ. ಆಟಿಯ ಮಳೆಯಲ್ಲೂ ಇರುತ್ತದೆ, ಮಾಘದ ತಿಳಿನೀರಿನಲ್ಲೂ ಇರುತ್ತದೆ. ಡೈವಿಂಗ್ ಸೀಸನ್ ಅನ್ನುವುದು ನಮ್ಮ ಕಣ್ಣಿನ ಸೀಸನ್, ನಮ್ಮ ಬೋಟಿನ ಸೀಸನ್. ಇಷ್ಟು ಅರ್ಥವಾದರೆ ‘ಯಾವಾಗ’ ಅನ್ನುವ ಪ್ರಶ್ನೆ ತಾನಾಗಿ ಬದಲಾಗುತ್ತದೆ. ಮೋರಿ ಯಾವಾಗ ಬರುತ್ತದೆ ಅಂತ ಕೇಳುವುದನ್ನು ಬಿಟ್ಟು, ನೀರು ಯಾವಾಗ ತಿಳಿಯಾಗುತ್ತದೆ ಅಂತ ಕೇಳಬೇಕು.

ನಮ್ಮ ಕರಾವಳಿಯ ನೀರಿನ ಕಥೆ ಹೀಗಿದೆ. ಜೂನ್‌ನಲ್ಲಿ ಮಳೆ ಹಿಡಿದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಘಟ್ಟದ ಕೆಂಪು ಮಣ್ಣನ್ನು ತಂದು ಕಡಲಿಗೆ ಸುರಿಯುತ್ತವೆ. ಅಳಿವೆಯ ಮುಂದೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಅಲೆ ಎದ್ದು ತಳದ ಕೆಸರೂ ಕದಡುತ್ತದೆ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ನಿಷೇಧ. ಡೈವಿಂಗ್ ಕೂಡ ಬಂದ್. ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟ ಮೇಲೆ ಮೀನಿನ ದೋಣಿಗಳು ಇಳಿಯುತ್ತವೆ. ಆದರೆ ಡೈವರ್‌ಗೆ ಆಗಲೂ ಕಾಲ ಕೂಡಿ ಬಂದಿರುವುದಿಲ್ಲ. ಮಳೆಗಾಲದ ಗಾಳಿ ಮೇಲಿನ ನೀರನ್ನು ತಳ್ಳಿ, ಕೆಳಗಿನ ತಣ್ಣನೆಯ ನೀರನ್ನು ಮೇಲಕ್ಕೆ ತಂದಿರುತ್ತದೆ. ಅದರ ಜೊತೆ ಗೊಬ್ಬರದಂಥ ಸತ್ವವೂ ಬರುತ್ತದೆ. ಬಿಸಿಲು ಬಿದ್ದ ಕೂಡಲೇ ಕಣ್ಣಿಗೆ ಕಾಣದ ಪಾಚಿ ಕೋಟಿಗಟ್ಟಲೆ ಬೆಳೆದು ಕಡಲು ಹಸಿರಾಗುತ್ತದೆ. ಬಂಗಡೆ, ತಾರ್ಲೆಗೆ ಅದು ಹಬ್ಬದೂಟ. ಮುಳುಗುವವರಿಗೆ ಮಂಜಿನಲ್ಲಿ ನಡೆದ ಹಾಗೆ.

ನವೆಂಬರ್ ಹೊತ್ತಿಗೆ ಮಣ್ಣು ತಳಕ್ಕೆ ಕೂತು, ಹಸಿರು ಕರಗಿ, ನೀಲಿ ಶುರುವಾಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನೇತ್ರಾಣಿಯ ನೀರು ಸಾಮಾನ್ಯವಾಗಿ ಎಲ್ಲಕ್ಕಿಂತ ತಿಳಿ. ಒಳ್ಳೆಯ ದಿನ ಹದಿನೈದು ಮೀಟರ್ ದೂರದ ಬಂಡೆಯೂ ಕಾಣುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಬೆಚ್ಚಗಾಗುತ್ತದೆ, ಆದರೆ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಮೇ ಕೊನೆಗೆ ಅಲೆ ಏಳಲು ಶುರು, ಬೋಟ್ ನಿಲ್ಲುತ್ತದೆ.

ತಿಂಗಳು ಆರಿಸಿದ ಮೇಲೆ ತಿಥಿ ನೋಡಿ. ಇದನ್ನು ನನಗೆ ಕಲಿಸಿದ್ದು ಬೋಟ್ ನಡೆಸುವವರು, ಪುಸ್ತಕ ಅಲ್ಲ. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ ಚಂದ್ರ ಇಬ್ಬರೂ ಒಂದೇ ಗೆರೆಯಲ್ಲಿ ನಿಂತು ಕಡಲನ್ನು ಎಳೆಯುತ್ತಾರೆ. ಆಗ ಭರತ ಜೋರು, ಇಳಿತವೂ ಜೋರು. ನೀರು ರಭಸದಿಂದ ಹೋಗಿ ಬಂದು ತಳ ಕದಡುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಇಬ್ಬರ ಎಳೆತ ಅಡ್ಡಡ್ಡ ಆಗಿ, ಭರತ ಇಳಿತಗಳ ನಡುವಿನ ಅಂತರ ಕಮ್ಮಿಯಾಗುತ್ತದೆ. ಸೆಳೆತ ಕಡಿಮೆ, ನೀರು ತಿಳಿ. ಮೊದಲ ಸಲ ಮುಳುಗುವವರಿಗೆ ಅಷ್ಟಮಿ ವಾರವೇ ಒಳ್ಳೆಯದು. ಕ್ಯಾಲೆಂಡರ್ ಗೋಡೆಯ ಮೇಲೇ ಇರುತ್ತೆ ಅಲ್ವಾ, ಬುಕ್ ಮಾಡುವ ಮೊದಲು ಒಮ್ಮೆ ನೋಡಿ. ದಿನದಲ್ಲಿ ಬೆಳಗಿನ ಬೋಟೇ ಸರಿ. ಮಧ್ಯಾಹ್ನ ದಾಟಿದ ಮೇಲೆ ಕಡಲಗಾಳಿ ಬಲವಾಗಿ ಅಲೆ ಹೆಚ್ಚುತ್ತದೆ, ಬಂಡೆಯ ಪಕ್ಕ ಬೋಟ್ ಕುಲುಕಾಡಿ ಅರ್ಧ ಜನಕ್ಕೆ ವಾಂತಿ. ಮೋರಿ ಚುರುಕಾಗಿರುವುದೂ ಬೆಳಗಿನ ಜಾವ ಮತ್ತು ಸಂಜೆಯ ಹೊತ್ತಿಗೇ.

ಇಷ್ಟೆಲ್ಲ ಕೂಡಿ ಬಂದರೂ ನೇತ್ರಾಣಿಯಲ್ಲಿ ಕಪ್ಪುತುದಿ ಯಾಕೆ ಅಪರೂಪ? ಕಾರಣ ದ್ವೀಪದ ಆಕಾರದಲ್ಲಿದೆ. ನೇತ್ರಾಣಿ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಕಡಲಿನಿಂದ ಎದ್ದು ನಿಂತ ಗುಡ್ಡ. ಅದರ ಬುಡದ ಬಂಡೆಗಳ ಮೇಲೆ ಹವಳ ಅಲ್ಲಲ್ಲಿ ಹತ್ತಿಕೊಂಡಿದೆ. ಲಕ್ಷದ್ವೀಪದ ಹಾಗೆ ಹವಳವೇ ಕಟ್ಟಿದ ದ್ವೀಪ ಅಲ್ಲ. ಅಲ್ಲಿ ಹವಳದ ಗೋಡೆಯ ಒಳಗೆ ಕೆರೆಯಂತೆ ನಿಂತ ತೆಳು ನೀರು ಇರುತ್ತದೆ, ಅದಕ್ಕೆ ಲಗೂನ್ ಅನ್ನುತ್ತಾರೆ. ಮೋರಿ ಮರಿಗಳಿಗೆ ಅದೇ ತೊಟ್ಟಿಲು. ನೇತ್ರಾಣಿಗೆ ಲಗೂನ್ ಇಲ್ಲ, ಮರಳಿನ ತೆಳು ನೀರಿನ ಬಯಲೂ ಇಲ್ಲ. ದಡದಿಂದ ನೇರ ಆಳ. ದೊಡ್ಡ ಮೋರಿ ಸುತ್ತಾಡಿಕೊಂಡು ಹೋಗಬಹುದು, ಸಂಸಾರ ಹೂಡಲು ಅನುಕೂಲ ಕಮ್ಮಿ.

ಇದರ ಮೇಲೆ ಆ ಬಡ ದ್ವೀಪ ಬಹಳ ಅನುಭವಿಸಿದೆ. ನೌಕಾಪಡೆ ವರ್ಷಗಟ್ಟಲೆ ಅದನ್ನು ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿ ಬಳಸಿತ್ತು. ಪರಿಸರದವರು ಅದಕ್ಕೆ ವಿರೋಧ ಮಾಡುತ್ತಲೇ ಬಂದರು. ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುವ ಜಾಗ ಅದು. ಮೀನುಗಾರರು ಹರಕೆಗೆ ಬಿಟ್ಟ ಆಡುಗಳೂ ಇವೆ. ಅಂಥ ಜಾಗಕ್ಕೆ ನಾವು ಹೋಗುವುದು ಮೋರಿ ಒಂದಕ್ಕೇ ಅಂದರೆ ಉಳಿದದ್ದನ್ನು ನೋಡದೇ ಬಂದ ಹಾಗೆ ಆಗುತ್ತದೆ.

ಮೋರಿಯೇ ಬೇಕು ಅನ್ನುವವರಿಗೆ ನೇತ್ರಾಣಿಯಲ್ಲಿ ಇನ್ನೊಂದು ದಾರಿ ಇದೆ. ಮೇಲೆ ನೋಡುವುದನ್ನು ಬಿಟ್ಟು ಬಂಡೆಯ ಸಂದಿಗೆ ಟಾರ್ಚ್ ಹಾಕಿ. ಬಿದಿರು ಮೋರಿ, ಅಂದರೆ ಬ್ಯಾಂಬೂ ಶಾರ್ಕ್ ಅಂಥ ಕಡೆ ಮಲಗಿರುತ್ತದೆ. ಕೈ ಉದ್ದದ ಮೀನು, ಯಾರಿಗೂ ತೊಂದರೆ ಇಲ್ಲ. ಕಪ್ಪುತುದಿಯ ಹಾಗೆ ಇದು ಈಜುತ್ತಲೇ ಇರಬೇಕಿಲ್ಲ. ಬಾಯಿಂದ ನೀರು ಎಳೆದು ಕಿವಿರಿಗೆ ತಳ್ಳುತ್ತಾ ಹಗಲೆಲ್ಲ ಬಿದ್ದುಕೊಂಡಿರುತ್ತದೆ. ನಾನು ನೋಡಿದ್ದು ಬಾಲವನ್ನು ಮಾತ್ರ ಸಂದಿಯಿಂದ ಹೊರಗೆ ಬಿಟ್ಟಿತ್ತು. ಹಾವುಮೀನು ಅಂದುಕೊಂಡು ಬಗ್ಗಿದೆ. ಒಳಗೆ ಟಾರ್ಚ್ ಬೆಳಕಿಗೆ ಐದು ಕಿವಿರಿನ ಸೀಳು ನಿಧಾನ ತೆರೆದು ಮುಚ್ಚುವುದು ಕಂಡಿತು. ಎರಡು ನಿಮಿಷ ಉಸಿರು ಸಣ್ಣಗೆ ಮಾಡಿ ಅದನ್ನೇ ನೋಡುತ್ತಿದ್ದೆ.

ಸರಿ, ಕಪ್ಪುತುದಿಯನ್ನೇ ಖಂಡಿತ ನೋಡಬೇಕು ಅಂದರೆ? ಲಗೂನ್ ಇರುವ ಕಡೆ ಹೋಗಬೇಕು. ನಮಗೆ ಹತ್ತಿರದ್ದು ಲಕ್ಷದ್ವೀಪ. ಕೊಚ್ಚಿಯಿಂದ ಹಡಗು ಇದೆ, ಅಗತ್ತಿಗೆ ವಿಮಾನ ಇದೆ. ಪ್ರವೇಶ ಪರವಾನಗಿ ಮೊದಲೇ ಮಾಡಿಸಿಕೊಳ್ಳಬೇಕು. ಕಡಮತ್, ಬಂಗಾರಂ, ಅಗತ್ತಿ ಎಲ್ಲ ಕಡೆ ಡೈವಿಂಗ್ ನಡೆಯುತ್ತದೆ. ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ ಒಳ್ಳೆಯ ಕಾಲ. ಅಲ್ಲಿ ನದಿ ಇಲ್ಲ, ಹಾಗಾಗಿ ಕೆಸರೂ ಇಲ್ಲ. ಭರತ ಏರುವ ಹೊತ್ತಿಗೆ ಮೋರಿಗಳು ಆಳದಿಂದ ಹವಳದ ಚಪ್ಪಟೆ ಹಾಸಿನ ಮೇಲೆ ಬರುತ್ತವೆ, ಸಣ್ಣ ಮೀನುಗಳ ಹಿಂದೆ. ಆಗ ಸಿಲಿಂಡರ್ ಬೇಕಿಲ್ಲ. ಸ್ನಾರ್ಕೆಲ್, ಅಂದರೆ ಉಸಿರಾಡುವ ಕೊಳವೆ ಹಾಕಿ ತೇಲುತ್ತಿದ್ದರೆ ಸಾಕು. ನನ್ನ ಕೇಳಿದರೆ ಈ ಮೀನಿಗೆ ಸ್ನಾರ್ಕೆಲ್ಲೇ ಮೇಲು. ಸ್ಕೂಬಾದ ಗುಳ್ಳೆಗಳ ಸದ್ದಿಗೆ ಅದು ದೂರ ಸರಿಯುತ್ತದೆ.

ಅಲ್ಲಿ ಬಿಳಿತುದಿ ಮೋರಿಯೂ ಇದೆ. ಬೆನ್ನಿನ ರೆಕ್ಕೆ ಮತ್ತು ಬಾಲದ ತುದಿ ಬಿಳಿ. ಹಗಲಲ್ಲಿ ಗುಹೆಯೊಳಗೆ ಒಂದರ ಮೇಲೊಂದು ಮಲಗಿ, ರಾತ್ರಿ ಬೇಟೆಗೆ ಹೊರಡುವ ಜಾತಿ. ಸ್ಕೂಬಾ ಕಲಿತವರಿಗೆ ಇದು ಸಿಗುವ ಅವಕಾಶ ಜಾಸ್ತಿ, ಹೋಗಿ ನೋಡುವ ಹೊತ್ತಿಗೆ ಅದು ಮನೆಯಲ್ಲೇ ಇರುತ್ತದೆ.

ಮಾಲ್ಡೀವ್ಸ್‌ನಲ್ಲಿ ಇನ್ನೂ ಸುಲಭ. ಅಲ್ಲಿ 2010ರಲ್ಲಿ ಇಡೀ ದೇಶದಲ್ಲಿ ಮೋರಿ ಹಿಡಿಯುವುದನ್ನೇ ನಿಲ್ಲಿಸಿದರು. ಈಗ ದಡದಲ್ಲಿ ನಿಂತವರ ಕಾಲ ಹತ್ತಿರವೇ ಮರಿಗಳು ಸುಳಿಯುತ್ತವೆ, ವರ್ಷವಿಡೀ. ನೀರು ತೀರ ತಿಳಿ ಇರುವುದು ಜನವರಿಯಿಂದ ಏಪ್ರಿಲ್.

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಥಾಯ್ಲೆಂಡಿನ ಮಾಯಾ ಬೇ ಕಥೆ. ಸುಣ್ಣದ ಬಂಡೆಗಳ ನಡುವಿನ ಸಣ್ಣ ಕೊಲ್ಲಿ. ದಿನಕ್ಕೆ ಸಾವಿರಾರು ಜನ, ಸಾಲುಗಟ್ಟಿ ಬೋಟು. ಲಂಗರು ಬಿದ್ದು ಹವಳ ಪುಡಿಯಾಗಿತ್ತು. 2018ರ ಜೂನ್‌ನಲ್ಲಿ ಸರ್ಕಾರ ಕೊಲ್ಲಿಯನ್ನು ಮುಚ್ಚಿತು. ಹವಳ ನೆಟ್ಟರು, ಜನರನ್ನು ದೂರ ಇಟ್ಟರು. ಕಪ್ಪುತುದಿ ಮೋರಿಗಳು ತಾವಾಗಿ ಬಂದವು, ದಡದ ಬಿಳಿ ಮರಳಿನವರೆಗೂ. 2022ರ ಜನವರಿಯಲ್ಲಿ ಮತ್ತೆ ತೆರೆದಾಗ ಬೋಟ್ ಒಳಗೆ ಬಿಡಲಿಲ್ಲ. ಹಿಂದಿನ ಬದಿಯಲ್ಲಿ ಇಳಿದು ನಡೆದು ಬರಬೇಕು, ಈಜುವಂತಿಲ್ಲ. ಈಗಲೂ ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕುತ್ತಾರೆ. ಮೂರೂವರೆ ವರ್ಷ ಸುಮ್ನೆ ಬಿಟ್ಟದ್ದಕ್ಕೆ ಅಷ್ಟು ಸಿಕ್ಕಿತು. ನೇತ್ರಾಣಿಯ ಲಂಗರುಗಳನ್ನು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. ಬೋಟನ್ನು ಕಟ್ಟಲು ಕಾಯಂ ತೇಲುಬುರುಡೆ ಇದ್ದರೆ ಹವಳದ ಮೇಲೆ ಕಬ್ಬಿಣ ಬೀಳುವುದು ತಪ್ಪುತ್ತದೆ. ದೊಡ್ಡ ಖರ್ಚಿನ ಮಾತೂ ಅಲ್ಲ.

ಇಷ್ಟು ಕಾಳಜಿ ಯಾಕೆ ಅಂದರೆ, ಮೋರಿ ಬಂಗಡೆಯ ಹಾಗೆ ಲಕ್ಷ ಮೊಟ್ಟೆ ಇಡುವುದಿಲ್ಲ. ಕಪ್ಪುತುದಿ ತಿಂಗಳುಗಟ್ಟಲೆ ಬಸುರು ಹೊತ್ತು ಒಂದು ಸಲಕ್ಕೆ ಎರಡರಿಂದ ಐದು ಮರಿ ಹಾಕುತ್ತದೆ. ಒಂದು ತಾಯಿ ಬಲೆಗೆ ಬಿದ್ದರೆ ಆ ನಷ್ಟ ತುಂಬಲು ವರ್ಷಗಳು ಬೇಕು. ಜಗತ್ತಿನ ಅಳಿವಿನ ಪಟ್ಟಿಯಲ್ಲಿ ಈಗ ಇದು ಅಪಾಯದ ಅಂಚಿಗೆ ಬಂದ ಜಾತಿ. 2022ರ ನವೆಂಬರ್‌ನಲ್ಲಿ ಪನಾಮಾದಲ್ಲಿ ಸೇರಿದ ದೇಶಗಳು ಇದರ ಇಡೀ ಕುಟುಂಬದ ವ್ಯಾಪಾರಕ್ಕೆ ಕಡಿವಾಣ ಹಾಕಿದವು. ಭಾರತ 2015ರಲ್ಲೇ ಮೋರಿ ರೆಕ್ಕೆಯ ರಫ್ತನ್ನು ನಿಲ್ಲಿಸಿತ್ತು. ನಮ್ಮ ಮೀನುಗಾರರನ್ನು ಇದಕ್ಕೆ ದೂರುವುದು ಸರಿಯಲ್ಲ. ಮೋರಿಗೆಂದು ಬಲೆ ಬಿಡುವವರು ಇಲ್ಲಿ ಕಡಿಮೆ. ಬೇರೆ ಮೀನಿನ ಜೊತೆ ಬಂದು ಬೀಳುತ್ತದೆ. ಜೀವ ಇದ್ದರೆ ಮರಿಯನ್ನು ನೀರಿಗೆ ಬಿಡುವವರನ್ನು ನಾನೇ ನೋಡಿದ್ದೇನೆ.

ನೀರಿನಲ್ಲಿ ಎದುರಾದರೆ ಏನು ಮಾಡಬೇಕು? ಏನೂ ಮಾಡಬೇಡಿ. ಕೈಕಾಲು ಬಡಿಯದೆ ನಿಲ್ಲಿ. ಉಸಿರು ನಿಧಾನ ಬಿಡಿ. ಅಟ್ಟಿಸಿಕೊಂಡು ಹೋದರೆ ಒಂದೇ ಬಾಲದ ಏಟಿಗೆ ಮಾಯ. ನೀವು ತಣ್ಣಗಿದ್ದರೆ ಒಂದು ಸುತ್ತು ಹಾಕಿ ಮತ್ತೆ ಬರುವುದುಂಟು. ಮೊಣಕಾಲು ನೀರಿನಲ್ಲಿ ನಡೆಯುವವರ ಕಾಲನ್ನು ಮೀನು ಅಂದುಕೊಂಡು ಕಚ್ಚಿದ ಉದಾಹರಣೆಗಳಿವೆ, ಇದರಿಂದ ಯಾರೂ ಸತ್ತ ದಾಖಲೆ ಇಲ್ಲ. ಕೆಲವು ದೇಶಗಳಲ್ಲಿ ಪ್ರವಾಸಿಗರಿಗೆ ತೋರಿಸಲು ಮೀನಿನ ತುಂಡು ಹಾಕಿ ಕರೆಯುತ್ತಾರೆ. ಅಂಥ ಕಡೆ ದುಡ್ಡು ಕೊಡಬೇಡಿ. ಮನುಷ್ಯ ಅಂದರೆ ಊಟ ಅಂತ ಮೋರಿಗೆ ಕಲಿಸುವುದು ಅದಕ್ಕೂ ಒಳ್ಳೆಯದಲ್ಲ, ನಮಗೂ ಅಲ್ಲ.

ಶಿರಸಿ, ಸಿದ್ದಾಪುರದವರಿಗೆ ಒಂದು ಮಾತು ಬೇರೆ ಹೇಳಬೇಕು. ಮುಳುಗಿದಾಗ ಗಾಳಿಯಲ್ಲಿನ ಸಾರಜನಕ ಒತ್ತಡಕ್ಕೆ ಮೈಯೊಳಗೆ ಕರಗಿರುತ್ತದೆ. ಮೇಲೆ ಬಂದ ಮೇಲೂ ಅದು ಪೂರ್ತಿ ಹೊರಗೆ ಹೋಗಲು ಗಂಟೆಗಳು ಬೇಕು. ಅಷ್ಟರೊಳಗೆ ಎತ್ತರಕ್ಕೆ ಹೋದರೆ, ಸೋಡಾ ಬಾಟ್ಲಿ ಮುಚ್ಚಳ ತೆಗೆದ ಹಾಗೆ ಮೈಯಲ್ಲಿ ಗುಳ್ಳೆ ಏಳುವ ಅಪಾಯ. ಅದಕ್ಕೇ ಒಂದಕ್ಕಿಂತ ಹೆಚ್ಚು ಡೈವ್ ಮಾಡಿದವರು ವಿಮಾನ ಹತ್ತಲು 18 ಗಂಟೆ ಕಾಯಬೇಕು ಅನ್ನುವುದು. ವಿಮಾನದ ವಿಷಯ ಎಲ್ಲರೂ ಹೇಳುತ್ತಾರೆ, ಘಟ್ಟದ ವಿಷಯ ಹೇಳುವವರು ಕಮ್ಮಿ. ಡೈವಿಂಗ್ ಲೆಕ್ಕದಲ್ಲಿ 300 ಮೀಟರ್ ಮೇಲೆ ಹೋದರೆ ಅದು ಎತ್ತರದ ಜಾಗ. ಶಿರಸಿ ಇರುವುದು ಸುಮಾರು 590 ಮೀಟರ್ ಮೇಲೆ. ಎರಡು ಸಲ ಮುಳುಗಿ ಅದೇ ಸಂಜೆ ದೇವಿಮನೆ ಘಟ್ಟ ಹತ್ತಬೇಡಿ. ಒಂದು ರಾತ್ರಿ ಕೆಳಗೇ ಉಳಿಯಿರಿ. ಮುರ್ಡೇಶ್ವರದಲ್ಲಿ ಉಳಿದರೆ ಬೆಳಿಗ್ಗೆ ನೀರು ಹೇಗಿದೆ ಅಂತ ಬೋಟಿನವರನ್ನು ಕೇಳಬಹುದು. ತಿಳಿಯಾಗಿದೆ ಅಂದರೆ ಸ್ನಾರ್ಕೆಲ್ ಹಿಡಿದು ಇನ್ನೊಂದು ಸಲ ಹೋಗಿ ಬನ್ನಿ.